ಹಗುರ ಸ್ಪೋರ್ಟ್ಸ್ ಕಾರಿಗೆ ಹೊಂದಿಸಬಲ್ಲ ಡ್ಯಾಂಪರ್: ಆಯ್ಕೆಯ ಕ್ರಮ

ಕಾರಿನ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗ್ ಮತ್ತು ಡ್ಯಾಂಪರ್ ಜೋಡಿಯಾಗಿ ದುಡಿಯುತ್ತವೆ. ರಸ್ತೆಯ ಉಬ್ಬು ಚಕ್ರವನ್ನು ಮೇಲಕ್ಕೆ ನೂಕಿದಾಗ ಸ್ಪ್ರಿಂಗ್ ಕುಗ್ಗಿ ಆ ಶಕ್ತಿಯನ್ನು ತನ್ನೊಳಗೆ ಹಿಡಿದಿಡುತ್ತದೆ, ಮರುಕ್ಷಣವೇ ಅದನ್ನು ಹೊರಗೆ ಹಾಕುತ್ತದೆ. ತಡೆಯಿಲ್ಲದಿದ್ದರೆ ಕಾರು ಬಹಳ ಹೊತ್ತು ಮೇಲೆ ಕೆಳಗೆ ಕುಪ್ಪಳಿಸುತ್ತಲೇ ಇರುತ್ತದೆ. ಆ ತಡೆಯೇ ಡ್ಯಾಂಪರ್, ಅಂದರೆ ಗ್ಯಾರೇಜಿನವರ ಶಾಕ್ ಅಬ್ಸಾರ್ಬರ್. ಕೊಳವೆಯಲ್ಲಿ ತುಂಬಿದ ಎಣ್ಣೆ ಪಿಸ್ಟನ್ನಿನ ಕಿರುದಾರಿಗಳಲ್ಲಿ ನುಸುಳುವಾಗ ಚಲನೆಯ ಶಕ್ತಿ ಶಾಖವಾಗಿ ಕರಗುತ್ತದೆ. ಸೈಕಲ್ ಪಂಪನ್ನು ಬೇಗ ಒತ್ತಿದಷ್ಟೂ ಅದು ಹೆಚ್ಚು ಎದುರೊತ್ತುವ ಹಾಗೆ, ಡ್ಯಾಂಪರ್ ಕೂಡ ವೇಗಕ್ಕೆ ತಕ್ಕಂತೆ ಬಲ ತೋರುತ್ತದೆ.

ಈ ಬಲವನ್ನು ಹೊರಗಿನ ನಾಬ್ ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದಾದ ಡ್ಯಾಂಪರುಗಳು ಹಗುರ ಸ್ಪೋರ್ಟ್ಸ್ ಕಾರಿನ ಮಾಲೀಕರನ್ನು ಬಹುವಾಗಿ ಸೆಳೆಯುತ್ತವೆ. ಸರಿಯಾಗಿ ಆರಿಸಿದರೆ ಕಾರಿನ ಹಿಡಿತ, ಸ್ಟೀರಿಂಗಿನ ಸ್ಪಷ್ಟತೆ ಮತ್ತು ಸವಾರಿಯ ಹಿತ ಮೂರೂ ಉತ್ತಮಗೊಳ್ಳುತ್ತವೆ. ತಪ್ಪಾಗಿ ಆರಿಸಿದರೆ ದೊಡ್ಡ ಮೊತ್ತ ಸುರಿದ ಮೇಲೂ ಕಾರು ಮೊದಲಿಗಿಂತ ಒರಟಾಗುತ್ತದೆ. ಬ್ರಿಟನ್ನಿನ ಲೋಟಸ್ ಎಲೀಸ್ ಕಾರನ್ನು ಮಾದರಿಯಾಗಿ ಇಟ್ಟುಕೊಂಡರೆ ಆಯ್ಕೆಯ ಪ್ರತಿಯೊಂದು ಹಂತವೂ ಸ್ಪಷ್ಟವಾಗುತ್ತದೆ.

ಹಗುರ ಕಾರಿನ ವಿಶೇಷ

ಎಲೀಸ್ 1996ರಲ್ಲಿ ನಾರ್ಫೋಕ್ ಪ್ರಾಂತ್ಯದ ಹೆಥೆಲ್ ಕಾರ್ಖಾನೆಯಿಂದ ಮಾರುಕಟ್ಟೆಗೆ ಬಂತು. ಅಲ್ಯೂಮಿನಿಯಂ ಪಟ್ಟಿಗಳನ್ನು ಅಂಟಿನಿಂದ ಬೆಸೆದು ಮಾಡಿದ ಅದರ ಚಾಸಿಯ ತೂಕ ಸುಮಾರು 68 ಕೆ.ಜಿ., ಮೊದಲ ಪೀಳಿಗೆಯ ಇಡೀ ಕಾರಿನ ತೂಕ ಸುಮಾರು 725 ಕೆ.ಜಿ. ಮುಂದೆ ಹಿಂದೆ ಎರಡೂ ಕಡೆ ಡಬಲ್ ವಿಶ್‌ಬೋನ್ (ಚಕ್ರವನ್ನು ಹಿಡಿದಿಡುವ ಜೋಡಿ ತೋಳುಗಳು), ಎಂಜಿನ್ ಆಸನಗಳ ಹಿಂದೆ, ಸ್ಟೀರಿಂಗಿಗೆ ಪವರ್ ನೆರವಿಲ್ಲ. ಟೊಯೊಟಾ ಎಂಜಿನ್ ಹೊತ್ತ ನಂತರದ ಮಾದರಿಗಳು ಇನ್ನಷ್ಟು ಭಾರವಾದವು. ಆದರೂ ಇಂದಿನ ಕಾರುಗಳ ಪಕ್ಕದಲ್ಲಿ ಅವು ತೀರ ಹಗುರ. ಚಾಸಿ ಬಿಗಿಯಾಗಿರುವುದರಿಂದ ಸ್ಪ್ರಿಂಗುಗಳನ್ನು ಮೆದುವಾಗಿ ಇಡಲು ಸಾಧ್ಯವಾಯಿತು. ಹಳ್ಳಿರಸ್ತೆಯ ಉಬ್ಬುತಗ್ಗುಗಳ ಮೇಲೂ ಎಲೀಸ್ ಸಲೀಸಾಗಿ ಹರಿಯುವುದಕ್ಕೆ ಈ ಸಮತೋಲವೇ ಕಾರಣ.

ತೂಕ ಕಡಿಮೆಯಾದಾಗ ಮೂರು ಸಂಗತಿಗಳು ಬದಲಾಗುತ್ತವೆ. ಮೊದಲನೆಯದು, ಹೊರೆಯ ಏರಿಳಿತ. 80 ಕೆ.ಜಿ. ತೂಗುವ ಸಹಪ್ರಯಾಣಿಕ 1,600 ಕೆ.ಜಿ. ಕಾರಿಗೆ ಶೇ. 5ರಷ್ಟು ಹೊರೆ, 800 ಕೆ.ಜಿ. ಕಾರಿಗೆ ಶೇ. 10ರಷ್ಟು. ಎರಡನೆಯದು, ಚಕ್ರ, ಬ್ರೇಕು, ಹಬ್ ಮುಂತಾಗಿ ಸ್ಪ್ರಿಂಗಿನ ಕೆಳಗಿರುವ ಭಾಗಗಳ ಪಾಲು. ಕಾರಿನ ಒಡಲು ಹಗುರವಾದಷ್ಟೂ ಈ ಭಾಗಗಳ ಅಲುಗಾಟ ಒಡಲಿಗೆ ಹೆಚ್ಚಾಗಿ ತಟ್ಟುತ್ತದೆ. ಮೂರನೆಯದು, ಡ್ಯಾಂಪರ್ ಒದಗಿಸಬೇಕಾದ ಬಲವೇ ಸಣ್ಣದಾಗುವುದು. ಬಲ ಸಣ್ಣದಾದಾಗ ಸೀಲು, ಬುಶ್‌ಗಳ ಘರ್ಷಣೆ ಅದರಲ್ಲಿ ದೊಡ್ಡ ಪಾಲು ಕಬಳಿಸುತ್ತದೆ. ಹಗುರ ಕಾರಿನ ಡ್ಯಾಂಪರಿನಲ್ಲಿ ಮೊದಲು ನೋಡಬೇಕಾದದ್ದು ಒಳಗಿನ ನಯ ಮತ್ತು ಕವಾಟಗಳ ಹೊಂದಿಕೆ. ನಾಬ್‌ಗಳ ಸಂಖ್ಯೆ ಅದರ ನಂತರದ ಪ್ರಶ್ನೆ.

ಖರೀದಿಗೆ ಮುನ್ನ

ಎಲೀಸ್ ತಯಾರಿಕೆ 2021ರಲ್ಲಿ ನಿಂತಿತು. ಇಂದು ಕೈಬದಲಾಗುವ ಅನೇಕ ಕಾರುಗಳು ಇಪ್ಪತ್ತು ವರ್ಷ ದಾಟಿದವು. ಅಂಥ ಕಾರು ಸಡಿಲವಾಗಿ ಓಡಿದರೆ ಮೂಲ ವಿನ್ಯಾಸವನ್ನು ದೂರುವ ಮೊದಲು ಸವೆತವನ್ನು ನೋಡಬೇಕು. ರಾಡ್ ಸುತ್ತ ಎಣ್ಣೆ ಜಿನುಗಿದೆಯೇ, ವಿಶ್‌ಬೋನ್ ಬುಶ್‌ಗಳು ಸೀಳಿವೆಯೇ, ಬಾಲ್ ಜಾಯಿಂಟ್‌ಗಳಲ್ಲಿ ಆಟ ಇದೆಯೇ, ಟೈರುಗಳು ಹಳತಾಗಿ ಗಟ್ಟಿಯಾಗಿವೆಯೇ, ವೀಲ್ ಅಲೈನ್‌ಮೆಂಟ್ ಸರಿಯಿದೆಯೇ ಎಂದು ಒಂದೊಂದಾಗಿ ಪರೀಕ್ಷಿಸಬೇಕು. ಇವುಗಳಲ್ಲಿ ಯಾವುದೇ ದೋಷ ಉಳಿದರೂ ಹೊಸ ಡ್ಯಾಂಪರ್ ಅದನ್ನು ಮುಚ್ಚಲಾರದು. ಹೊಂದಿಸುವ ಕೆಲಸವೂ ದಾರಿ ತಪ್ಪುತ್ತದೆ.

ಎರಡನೇ ಪೀಳಿಗೆಯ ಎಲೀಸ್ ಬಿಲ್‌ಸ್ಟೈನ್ ಡ್ಯಾಂಪರ್ ಮತ್ತು ಐಬಾಕ್ ಸ್ಪ್ರಿಂಗುಗಳೊಂದಿಗೆ ಬಂತು. ರಸ್ತೆಯಲ್ಲಷ್ಟೇ ಓಡಿಸುವವರಿಗೆ ಅದೇ ಅಳತೆಯ ಹೊಸ ಡ್ಯಾಂಪರ್ ಹಾಕಿಸುವುದು, ಇಲ್ಲವೇ ಇರುವುದನ್ನೇ ಬಿಚ್ಚಿ ಸೀಲು, ಎಣ್ಣೆ, ಅನಿಲ ಬದಲಿಸಿ ಮರುಜೋಡಿಸುವುದು ಒಳ್ಳೆಯ ಆಯ್ಕೆ. ಹೊಂದಿಸಬಲ್ಲ ಡ್ಯಾಂಪರ್ ಬೇಕಾಗುವುದು ಮೂರು ಸಂದರ್ಭಗಳಲ್ಲಿ: ಒಂದೇ ಕಾರು ರಸ್ತೆಗೂ ರೇಸ್ ಟ್ರ್ಯಾಕಿಗೂ ದುಡಿಯಬೇಕಾದಾಗ, ಸ್ಪ್ರಿಂಗ್ ಅಥವಾ ಟೈರಿನ ಬಗೆ ಬದಲಾದಾಗ, ಕಾರಿನ ನಡತೆಯನ್ನು ತನ್ನ ಚಾಲನೆಗೆ ತಕ್ಕಂತೆ ತಿದ್ದಿಕೊಳ್ಳುವ ಆಸಕ್ತಿ ಮಾಲೀಕರಿಗೆ ನಿಜಕ್ಕೂ ಇದ್ದಾಗ.

ಮೊದಲು ಸ್ಪ್ರಿಂಗ್, ಆಮೇಲೆ ಡ್ಯಾಂಪರ್

ಡ್ಯಾಂಪರ್ ಎಷ್ಟು ಗಟ್ಟಿ ಇರಬೇಕೆಂಬುದನ್ನು ತೀರ್ಮಾನಿಸುವುದು ಸ್ಪ್ರಿಂಗ್ ಮತ್ತು ಅದು ಹೊರುವ ತೂಕ. ಈ ಎರಡರ ಸಂಬಂಧವನ್ನು ಆವರ್ತನದಲ್ಲಿ, ಅಂದರೆ ಸ್ಪ್ರಿಂಗಿನ ಮೇಲೆ ಕಾರು ಸೆಕೆಂಡಿಗೆ ಎಷ್ಟು ಸಲ ತೂಗಾಡುತ್ತದೆ ಎಂಬುದರಲ್ಲಿ ಅಳೆಯುತ್ತಾರೆ. ಸಾಮಾನ್ಯ ಕಾರುಗಳು 1ರಿಂದ 1.5 ಹರ್ಟ್ಸ್, ರಸ್ತೆಯ ಸ್ಪೋರ್ಟ್ಸ್ ಕಾರುಗಳು 1.5ರಿಂದ 2 ಹರ್ಟ್ಸ್ ಆಸುಪಾಸಿನಲ್ಲಿರುತ್ತವೆ. ಟ್ರ್ಯಾಕಿಗೆಂದೇ ಸಿದ್ಧಪಡಿಸಿದ ಕಾರುಗಳು ಅದನ್ನೂ ಮೀರುತ್ತವೆ.

ಒಂದು ಲೆಕ್ಕ ನೋಡಬಹುದು. ಚಾಲಕನನ್ನೂ ಸೇರಿಸಿ 940 ಕೆ.ಜಿ. ತೂಗುವ ಕಾರಿನ ಶೇ. 38ರಷ್ಟು ಭಾರ ಮುಂದಿದ್ದರೆ ಮುಂದಿನ ಒಂದು ಚಕ್ರದ ಪಾಲು ಸುಮಾರು 180 ಕೆ.ಜಿ. ಅದರಲ್ಲಿ ಚಕ್ರದ ಭಾಗಗಳದ್ದೇ 30 ಕೆ.ಜಿ. ಎಂದು ಕಳೆದರೆ ಸ್ಪ್ರಿಂಗ್ ಹೊರುವುದು 150 ಕೆ.ಜಿ. ಇದಕ್ಕೆ 1.5 ಹರ್ಟ್ಸ್ ಬೇಕೆಂದರೆ ಚಕ್ರದ ಬಳಿ ಮಿಲಿಮೀಟರಿಗೆ ಸುಮಾರು 13.3 ನ್ಯೂಟನ್ ಬಿಗಿತ ಬೇಕು. ಆದರೆ ಸ್ಪ್ರಿಂಗ್ ಕೂರುವುದು ವಿಶ್‌ಬೋನಿನ ನಡುವೆ ಎಲ್ಲೋ. ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗ್ 7 ಮಿ.ಮೀ. ಮಾತ್ರ ಕುಗ್ಗುವುದಾದರೆ ಅನುಪಾತ 0.7. ಇದರ ವರ್ಗದಿಂದ ಭಾಗಿಸಬೇಕು: 13.3ನ್ನು 0.49ರಿಂದ ಭಾಗಿಸಿದರೆ ಮಿಲಿಮೀಟರಿಗೆ ಸುಮಾರು 27 ನ್ಯೂಟನ್, ಬ್ರಿಟಿಷ್ ಅಳತೆಯಲ್ಲಿ ಇಂಚಿಗೆ ಸುಮಾರು 155 ಪೌಂಡ್ ಬಿಗಿತದ ಸ್ಪ್ರಿಂಗ್ ಬೇಕಾಗುತ್ತದೆ. 2 ಹರ್ಟ್ಸ್ ಬೇಕೆಂದರೆ ಇದೇ ಲೆಕ್ಕ ಮಿಲಿಮೀಟರಿಗೆ ಸುಮಾರು 48 ನ್ಯೂಟನ್‌ಗೆ ಏರುತ್ತದೆ. ಡ್ಯಾಂಪರಿನ ಬಲವೂ ಮೂರನೇ ಒಂದರಷ್ಟು ಹೆಚ್ಚಬೇಕಾಗುತ್ತದೆ.

ಮೂಲ ಡ್ಯಾಂಪರಿಗೆ ಬಿಗಿ ಸ್ಪ್ರಿಂಗ್ ಜೋಡಿಸಿದ ಕಾರುಗಳು ಕುಪ್ಪಳಿಸುವುದು ಈ ಕಾರಣದಿಂದಲೇ. ಬಳಕೆಗೆ ತಕ್ಕ ಸ್ಪ್ರಿಂಗ್ ಮೊದಲು ತೀರ್ಮಾನವಾಗಬೇಕು, ಡ್ಯಾಂಪರಿನ ಕವಾಟಗಳನ್ನು ಅದಕ್ಕೆ ಹೊಂದಿಸಿ ತರಿಸಬೇಕು. ಒಳವ್ಯಾಸ 2.25 ಅಥವಾ 2.5 ಇಂಚಿನ ಸಾಮಾನ್ಯ ಸ್ಪ್ರಿಂಗ್ ಕೂರುವ ಡ್ಯಾಂಪರ್ ಆರಿಸಿದರೆ ಮುಂದೆ ಬೇರೆ ಬಿಗಿತದ ಸ್ಪ್ರಿಂಗ್ ಸುಲಭವಾಗಿ, ಕಡಿಮೆ ಬೆಲೆಗೆ ಸಿಗುತ್ತದೆ.

ಬಂಪ್, ರಿಬೌಂಡ್, ವೇಗ

ಡ್ಯಾಂಪರ್ ಕುಗ್ಗುವಾಗಿನ ತಡೆಯನ್ನು ಬಂಪ್ ಎಂದೂ ಹಿಗ್ಗುವಾಗಿನ ತಡೆಯನ್ನು ರಿಬೌಂಡ್ ಎಂದೂ ಕರೆಯುತ್ತಾರೆ. ಸ್ಪ್ರಿಂಗಿನಲ್ಲಿ ಅಡಗಿದ ಶಕ್ತಿಯನ್ನು ಹತೋಟಿಯಲ್ಲಿಡಬೇಕಾದ ರಿಬೌಂಡ್ ಬಲ ಸಾಮಾನ್ಯವಾಗಿ ಬಂಪ್ ಬಲಕ್ಕಿಂತ ಹೆಚ್ಚಿರುತ್ತದೆ.

ಇವೆರಡರಲ್ಲೂ ನಿಧಾನ ಮತ್ತು ವೇಗ ಎಂಬ ವಿಭಾಗಗಳಿವೆ. ಇಲ್ಲಿ ವೇಗವೆಂದರೆ ಡ್ಯಾಂಪರಿನ ರಾಡ್ ಚಲಿಸುವ ವೇಗ, ಕಾರಿನದ್ದಲ್ಲ. ತಿರುವಿನಲ್ಲಿ ಒಡಲು ವಾಲುವುದು, ಬ್ರೇಕ್ ಒತ್ತಿದಾಗ ಮೂತಿ ತಗ್ಗುವುದು ನಿಧಾನ ಚಲನೆಗಳು. ಇವುಗಳಲ್ಲಿ ರಾಡಿನ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 50 ಮಿ.ಮೀ. ಮೀರುವುದಿಲ್ಲ. ಗುಂಡಿ, ಟ್ರ್ಯಾಕಿನ ಅಂಚುಕಲ್ಲು, ಒರಟು ಡಾಂಬರಿನ ಹೊಡೆತಗಳಲ್ಲಿ ಅದು ಸೆಕೆಂಡಿಗೆ 200 ಮಿ.ಮೀ.ಗಳನ್ನು ದಾಟಿ ಹೋಗುತ್ತದೆ. ಚಾಲಕನ ಕೈಗೆ ತಿಳಿಯುವ ಬಿಗುವು ಮೊದಲನೆಯದರಿಂದ ಬರುತ್ತದೆ, ಬೆನ್ನಿಗೆ ತಟ್ಟುವ ಒರಟುತನ ಎರಡನೆಯದರಿಂದ. ನಿಧಾನ ಚಲನೆಯಲ್ಲಿ ಬಿಗಿಯಾಗಿದ್ದು ವೇಗದ ಹೊಡೆತಕ್ಕೆ ಕವಾಟ ತೆರೆದು ಸಡಿಲವಾಗುವ ಡ್ಯಾಂಪರ್ ಹಗುರ ಕಾರಿಗೆ ಹೇಳಿ ಮಾಡಿಸಿದ್ದು.

ಮೇಲಿನ ಉದಾಹರಣೆಯ ಚಕ್ರ ಸೆಕೆಂಡಿಗೆ 50 ಮಿ.ಮೀ. ವೇಗದಲ್ಲಿ ಚಲಿಸುವಾಗ ಒಡಲನ್ನು ಚೆನ್ನಾಗಿ ಹಿಡಿಯಲು ಬೇಕಾಗುವ ಬಲ ಚಕ್ರದ ಬಳಿ ಸುಮಾರು 90 ನ್ಯೂಟನ್, ಅಂದರೆ 9 ಕೆ.ಜಿ. ತೂಕದಷ್ಟು. ಸೀಲಿನ ಘರ್ಷಣೆಯೇ 30 ನ್ಯೂಟನ್ ಇದ್ದರೆ ಮೂರನೇ ಒಂದು ಪಾಲು ಹೋಯಿತು. ಘರ್ಷಣೆ ವೇಗಕ್ಕೆ ತಕ್ಕಂತೆ ಏರಿಳಿಯುವುದಿಲ್ಲ. ಸಣ್ಣ ಉಬ್ಬಿಗೆ ಡ್ಯಾಂಪರ್ ಕದಲದೆ ನಿಂತು ಆಮೇಲೆ ಒಮ್ಮೆಲೇ ಬಿಡುವಂತೆ ಅದು ಮಾಡುತ್ತದೆ. ಭಾರದ ಕಾರಿನಲ್ಲಿ ಗಮನಕ್ಕೇ ಬಾರದ ಈ ದೋಷ ಎಲೀಸ್‌ನಂಥ ಕಾರಿನಲ್ಲಿ ಸ್ಟೀರಿಂಗಿನ ನಯವನ್ನೇ ಕೆಡಿಸಬಲ್ಲದು.

ಕೊಳವೆಯ ರಚನೆ

ಅವಳಿ ಕೊಳವೆಯ ಡ್ಯಾಂಪರಿನಲ್ಲಿ ಪಿಸ್ಟನ್ ಒಳಕೊಳವೆಯಲ್ಲಿ ಓಡುತ್ತದೆ, ಹೆಚ್ಚಿನ ಎಣ್ಣೆ ಹೊರಕೊಳವೆಗೆ ಹೋಗುತ್ತದೆ. ಅನಿಲದ ಒತ್ತಡ ಕಡಿಮೆ, ಘರ್ಷಣೆಯೂ ಕಡಿಮೆ, ಬೆಲೆಯೂ ಕೈಗೆಟಕುವಂಥದ್ದು. ಆದರೆ ಬಿಡುವಿಲ್ಲದೆ ದುಡಿದಾಗ ಎಣ್ಣೆಯಲ್ಲಿ ಅನಿಲ ಬೆರೆತು ನೊರೆಯೇಳುವ ಸಾಧ್ಯತೆ ಇದೆ. ನೊರೆಯೆದ್ದ ಎಣ್ಣೆ ತಡೆಯೊಡ್ಡಲಾರದು. ಒಂಟಿ ಕೊಳವೆಯ ಡ್ಯಾಂಪರಿನಲ್ಲಿ ತೇಲುವ ಪಿಸ್ಟನ್ ಒಂದು ಎಣ್ಣೆಯನ್ನೂ ನೈಟ್ರೋಜನ್ ಅನಿಲವನ್ನೂ ಬೇರ್ಪಡಿಸುತ್ತದೆ. ಇಲ್ಲಿ ನೊರೆಯ ಭಯವಿಲ್ಲ, ಗಾಳಿಗೆ ನೇರವಾಗಿ ಒಡ್ಡಿಕೊಂಡ ಕೊಳವೆ ಬೇಗ ತಣಿಯುತ್ತದೆ, ಪಿಸ್ಟನ್ನಿನ ವ್ಯಾಸವೂ ದೊಡ್ಡದು. ಟ್ರ್ಯಾಕಿಗೆ ಹೋಗುವವರಿಗೆ ಇದು ಸೂಕ್ತ.

ಒಂಟಿ ಕೊಳವೆಯಲ್ಲಿ ಅನಿಲದ ಒತ್ತಡ ರಾಡ್‌ ಅನ್ನು ಸದಾ ಹೊರಕ್ಕೆ ನೂಕುತ್ತಿರುತ್ತದೆ. 14 ಮಿ.ಮೀ. ರಾಡ್, 25 ಬಾರ್ ಒತ್ತಡ ಇದ್ದರೆ ಈ ನೂಕುಬಲ ಸುಮಾರು 385 ನ್ಯೂಟನ್, 12 ಮಿ.ಮೀ. ರಾಡ್, 15 ಬಾರ್ ಇದ್ದರೆ 170 ನ್ಯೂಟನ್ ಮಾತ್ರ. ಒಂದು ಮೂಲೆಯಲ್ಲಿ 150 ಕೆ.ಜಿ. ಹೊರುವ ಕಾರಿಗೆ ಈ ವ್ಯತ್ಯಾಸ ದೊಡ್ಡದು. ಒತ್ತಡ ಹೆಚ್ಚಾದಷ್ಟೂ ಸೀಲು ರಾಡ್‌ ಅನ್ನು ಬಿಗಿಯಾಗಿ ಅಪ್ಪಿ ಘರ್ಷಣೆ ಏರುತ್ತದೆ, ಕಾರಿನ ಎತ್ತರವೂ ಬದಲಾಗುತ್ತದೆ. ಭಾರದ ಕಾರಿಗೆ ಮಾಡಿದ ಡ್ಯಾಂಪರನ್ನು ಅಳತೆ ಕೂಡುತ್ತದೆಂಬ ಕಾರಣಕ್ಕೆ ಹಗುರ ಕಾರಿಗೆ ತೊಡಿಸಬಾರದು.

ಕೆಲವು ಡ್ಯಾಂಪರುಗಳಿಗೆ ಪ್ರತ್ಯೇಕ ಡಬ್ಬಿ ಜೋಡಿಸಿರುತ್ತಾರೆ. ಎಣ್ಣೆಯ ಪ್ರಮಾಣ ಹೆಚ್ಚಿ ಬಿಸಿ ತಡೆಯುವ ಶಕ್ತಿ ಕೂಡುತ್ತದೆ, ಅನಿಲದ ಒತ್ತಡವನ್ನು ಕಡಿಮೆ ಇಡಲು ಅವಕಾಶವಾಗುತ್ತದೆ, ಬಂಪ್ ನಾಬ್‌ಗೂ ಅಲ್ಲಿ ಜಾಗ ಸಿಗುತ್ತದೆ. ಇಕ್ಕಟ್ಟಾದ ಎಲೀಸ್‌ನಲ್ಲಿ ಆ ಡಬ್ಬಿಗೆ ಜಾಗ, ಅದರ ಕೊಳವೆ ಚಕ್ರಕ್ಕೆ ತಾಗದ ದಾರಿ ಎರಡನ್ನೂ ಮೊದಲೇ ನೋಡಿಕೊಳ್ಳಬೇಕು. ಡ್ಯಾಂಪರಿನ ಕೊಳವೆ ಅಲ್ಯೂಮಿನಿಯಂನದ್ದಾದರೆ ಉಕ್ಕಿಗಿಂತ ಹಗುರ, ಶಾಖವನ್ನೂ ಬೇಗ ಹೊರಹಾಕುತ್ತದೆ.

ಎಷ್ಟು ನಾಬ್ ಬೇಕು

ಒಂದು ನಾಬ್‌ನ ಡ್ಯಾಂಪರುಗಳಲ್ಲಿ ಎರಡು ಬಗೆ. ಕೋನಿ ಕಂಪನಿಯ ಹಳದಿ ಬಣ್ಣದ ಸ್ಪೋರ್ಟ್ ಸರಣಿಯಲ್ಲಿ ನಾಬ್ ರಿಬೌಂಡ್ ಅನ್ನು ಮಾತ್ರ ಬದಲಿಸುತ್ತದೆ. ಸ್ವೀಡನ್ನಿನ ಓಲಿನ್ಸ್ ಕಂಪನಿಯ ರೋಡ್ ಅಂಡ್ ಟ್ರ್ಯಾಕ್ ಸರಣಿ, ಇಂಗ್ಲೆಂಡಿನ ನೈಟ್ರಾನ್ ಕಂಪನಿಯ ಒಂದು ನಾಬ್‌ನ ಡ್ಯಾಂಪರ್ ಮುಂತಾದವುಗಳಲ್ಲಿ ಅದೇ ನಾಬ್ ಬಂಪ್ ಮತ್ತು ರಿಬೌಂಡ್ ಎರಡನ್ನೂ ಒಟ್ಟಿಗೆ ಬದಲಿಸುತ್ತದೆ. ತಯಾರಕರು ಎರಡರ ಅನುಪಾತವನ್ನು ಜಾಣತನದಿಂದ ನಿಗದಿಮಾಡಿದ್ದರೆ ರಸ್ತೆಯ ಕಾರಿಗೂ ವರ್ಷದಲ್ಲಿ ಕೆಲವು ದಿನ ಟ್ರ್ಯಾಕಿಗೆ ಹೋಗುವವರಿಗೂ ಇದು ಧಾರಾಳವಾಗಿ ಸಾಕು. ಕೆಡಿಸಿಕೊಳ್ಳುವ ಅವಕಾಶವೂ ಕಡಿಮೆ.

ಎರಡು ನಾಬ್‌ನ ಡ್ಯಾಂಪರಿನಲ್ಲಿ ಸಾಮಾನ್ಯವಾಗಿ ಬಂಪ್ ಮತ್ತು ರಿಬೌಂಡ್ ಬೇರೆ ಬೇರೆ. ಟ್ರ್ಯಾಕಿಗೆ ಪದೇಪದೇ ಹೋಗಿ, ಟೈರಿನ ಬಗೆಯನ್ನೂ ಸ್ಪ್ರಿಂಗನ್ನೂ ಬದಲಿಸುವವರಿಗೆ ಇದು ತಕ್ಕದ್ದು. ಮೂರು ನಾಬ್‌ನದ್ದರಲ್ಲಿ ಬಂಪ್ ಮತ್ತೆ ನಿಧಾನ ಮತ್ತು ವೇಗ ಎಂದು ಎರಡಾಗುತ್ತದೆ, ನಾಲ್ಕರಲ್ಲಿ ರಿಬೌಂಡ್ ಕೂಡ. ಲೋಟಸ್ ತನ್ನ ಎಕ್ಸಿಜ್ ಕಪ್ 430 ಕಾರಿಗೆ ನೈಟ್ರಾನ್‌ನ ಮೂರು ನಾಬ್‌ನ ಡ್ಯಾಂಪರ್ ಕೊಟ್ಟಿತು. ಅದು ಟ್ರ್ಯಾಕನ್ನೇ ಗುರಿಯಾಗಿಟ್ಟ ಕಾರು. ನಾಲ್ಕು ಮೂಲೆಗೆ ಮೂರರಂತೆ ಹನ್ನೆರಡು ನಾಬ್‌ಗಳನ್ನು ನಿಭಾಯಿಸಲು ಸಮಯ, ದಾಖಲೆ, ಒಂದೇ ಬಗೆಯಾಗಿ ಓಡಿಸುವ ಕೌಶಲ ಮೂರೂ ಬೇಕು. ಅವಿಲ್ಲದವರು ಅದೇ ಹಣದಲ್ಲಿ ಉತ್ತಮ ದರ್ಜೆಯ ಒಂದು ನಾಬ್‌ನ ಡ್ಯಾಂಪರ್, ಹೊಸ ಬುಶ್‌ಗಳು ಮತ್ತು ನುರಿತವರಿಂದ ಅಲೈನ್‌ಮೆಂಟ್ ಮಾಡಿಸಿಕೊಂಡರೆ ಹೆಚ್ಚು ಲಾಭ.

ಮಾರುವವರನ್ನು ಕೇಳಬೇಕಾದದ್ದು

ಮೊದಲನೆಯದು ಬಲ ಮತ್ತು ವೇಗದ ನಕ್ಷೆ. ಡ್ಯಾಂಪರನ್ನು ಪರೀಕ್ಷಾಯಂತ್ರದಲ್ಲಿ ಓಡಿಸಿ ಈ ನಕ್ಷೆ ತೆಗೆಯುತ್ತಾರೆ. ನಾಬ್ ಪೂರ್ತಿ ಸಡಿಲ, ನಡುವೆ, ಪೂರ್ತಿ ಬಿಗಿ ಇದ್ದಾಗಿನ ರೇಖೆಗಳನ್ನು ಕೇಳಿ ಪಡೆಯಬೇಕು. ರೇಖೆಗಳ ನಡುವಿನ ಅಂತರ ಸಮನಾಗಿರಬೇಕು. ಎಡ ಬಲ ಡ್ಯಾಂಪರುಗಳ ರೇಖೆಗಳು ಒಂದರ ಮೇಲೊಂದು ಕೂರಬೇಕು. ಎರಡು ನಾಬ್ ಇದ್ದರೆ ಒಂದನ್ನು ತಿರುಗಿಸಿದಾಗ ಇನ್ನೊಂದರ ರೇಖೆ ಕದಲಬಾರದು. ನಾಬ್ ತಿರುಗುವ ಕ್ಲಿಕ್‌ಗಳ ಸಂಖ್ಯೆಗಿಂತ ಈ ನಕ್ಷೆ ಹೆಚ್ಚು ಹೇಳುತ್ತದೆ; ನಲವತ್ತು ಕ್ಲಿಕ್‌ಗಳಲ್ಲಿ ಹತ್ತು ಮಾತ್ರ ಕೆಲಸ ಮಾಡುವ ಡ್ಯಾಂಪರ್ ನಿಜಕ್ಕೂ ಹತ್ತು ಕ್ಲಿಕ್‌ನದ್ದೇ.

ಕವಾಟಗಳನ್ನು ಯಾವ ತೂಕದ ಕಾರಿಗೆ, ಯಾವ ಸ್ಪ್ರಿಂಗಿಗೆ ಹೊಂದಿಸಲಾಗಿದೆ ಎಂಬುದು ಎರಡನೆಯದು. ಮೂರನೆಯದು ಉದ್ದ: ಡ್ಯಾಂಪರಿನ ಪೂರ್ಣ ಉದ್ದ, ಚಲನೆಯ ಅಳತೆ, ಬಂಪ್ ಸ್ಟಾಪ್ (ಚಲನೆಯ ಕೊನೆಯ ತಡೆತುಂಡು) ತಾಗುವ ಜಾಗ. ನಾಲ್ಕನೆಯದು ತುದಿಗಳ ಜೋಡಣೆ. ರಬ್ಬರ್ ಬುಶ್ ಸದ್ದು ಕಡಿಮೆ ಮಾಡುತ್ತದೆ, ದೀರ್ಘಕಾಲ ಬಾಳುತ್ತದೆ. ಗೋಳದ ಬೇರಿಂಗ್ ಸಣ್ಣ ಚಲನೆಯನ್ನೂ ನಿಖರವಾಗಿ ದಾಟಿಸುತ್ತದೆ. ಆದರೆ ಮಳೆ ಧೂಳಿಗೆ ಬೇಗ ಸವೆದು ಟಕಟಕ ಸದ್ದು ಮಾಡುತ್ತದೆ. ಐದನೆಯದು ಬಾಳಿಕೆ. ಬ್ರಿಟನ್ನಿನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವುದರಿಂದ ಎತ್ತರ ಹೊಂದಿಸುವ ತಿರುಪಿನ ಸುತ್ತುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಕೊನೆಯದಾಗಿ, ಬಿಡಿಭಾಗ ಮತ್ತು ಮರುಜೋಡಣೆ ಹತ್ತಿರದಲ್ಲಿ ಸಿಗುತ್ತದೆಯೇ, ಅದಕ್ಕೆಷ್ಟು ಖರ್ಚು ಎಂದು ತಿಳಿದಿರಬೇಕು. ಬಿಚ್ಚಿ ಸರಿಪಡಿಸಲಾಗದ ಡ್ಯಾಂಪರ್ ಸೋರಿದ ದಿನವೇ ಗುಜರಿ.

ಬ್ರಿಟನ್ನಿನಲ್ಲಿ ಇಂಥ ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸುವುದು ಅಗತ್ಯ. ಮುಚ್ಚಿಟ್ಟರೆ ಅಪಘಾತವಾದಾಗ ಪರಿಹಾರ ನಿರಾಕರಣೆಯಾಗಬಹುದು.

ಜೋಡಣೆ

ರಬ್ಬರ್ ಬುಶ್ ಇರುವ ಬೋಲ್ಟುಗಳನ್ನು ಕಾರು ಚಕ್ರಗಳ ಮೇಲೆ ಸಹಜ ಎತ್ತರದಲ್ಲಿ ನಿಂತಾಗಲೇ ಪೂರ್ತಿ ಬಿಗಿಯಬೇಕು. ಜಾಕ್ ಮೇಲೆ ಬಿಗಿದರೆ ಕೆಳಗಿಳಿಸಿದ ಕ್ಷಣದಿಂದಲೇ ಬುಶ್ ತಿರುಚಿಕೊಂಡು ಬೇಗ ಹರಿಯುತ್ತದೆ. ಎತ್ತರವನ್ನು ತಯಾರಕರ ಅಂಕಿಯ ಹತ್ತಿರವೇ ಇಡಬೇಕು. ಅತಿಯಾಗಿ ತಗ್ಗಿಸಿದರೆ ಡ್ಯಾಂಪರಿನ ಚಲನೆಗೆ ಉಳಿಯುವ ಜಾಗ ಕುಗ್ಗಿ ಕಾರು ಬಂಪ್ ಸ್ಟಾಪ್ ಮೇಲೆಯೇ ಕೂರುತ್ತದೆ. ಚಕ್ರ ಏರಿಳಿಯುವಾಗ ಅದರ ದಿಕ್ಕು ತಾನಾಗಿ ತಿರುಗುವ ದೋಷವೂ ಹೆಚ್ಚುತ್ತದೆ. ಪವರ್ ನೆರವಿಲ್ಲದ ಎಲೀಸ್ ಸ್ಟೀರಿಂಗಿನಲ್ಲಿ ಅದು ಕೂಡಲೇ ಕೈಗೆ ತಿಳಿಯುತ್ತದೆ.

ಎತ್ತರ ಹೊಂದಿಸಿದ ಮೇಲೆ ಚಾಲಕನ ತೂಕವನ್ನು ಆಸನದ ಮೇಲಿಟ್ಟು ನಾಲ್ಕು ಚಕ್ರಗಳ ಭಾರವನ್ನು ತೂಗಿಸಿ ಸಮಗೊಳಿಸುವುದು, ಕೊನೆಗೆ ಪೂರ್ತಿ ಅಲೈನ್‌ಮೆಂಟ್ ಮಾಡಿಸುವುದು ಕ್ರಮ. ಇವನ್ನು ಬಿಟ್ಟು ನಾಬ್ ತಿರುಗಿಸಲು ಹೊರಟರೆ ಶ್ರಮವೆಲ್ಲ ವ್ಯರ್ಥ.

ಹೊಂದಿಸುವ ಬಗೆ

ಕ್ಲಿಕ್‌ಗಳನ್ನು ಪೂರ್ತಿ ಬಿಗಿಯಾದ ತುದಿಯಿಂದ ಎಣಿಸುವುದು ವಾಡಿಕೆ. ಅಲ್ಲಿ ಕವಾಟ ಮುಚ್ಚಿರುವುದರಿಂದ ಎಣಿಕೆಗೆ ಖಚಿತವಾದ ನೆಲೆ ಸಿಗುತ್ತದೆ. ತಿರುಗಿಸುವಾಗ ಬಲ ಹಾಕಿದರೆ ಒಳಗಿನ ಸೂಜಿ ಕವಾಟ ಹಾಳಾಗುತ್ತದೆ. ತಯಾರಕರು ಸೂಚಿಸಿದ ಅಂಕಿಯಿಂದ ಆರಂಭಿಸಿ, ಪ್ರತಿಸಲವೂ ತಣ್ಣಗಿನ ಟೈರಿನ ಗಾಳಿಯನ್ನು ಅಳೆದು, ಪರಿಚಿತವಾದ ಒಂದೇ ದಾರಿಯಲ್ಲಿ ಓಡಿಸಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಬರೆದಿಡಬೇಕು. ಎಡ ಬಲ ಒಂದೇ ಅಂಕಿಯಲ್ಲಿರಬೇಕು.

ಉಬ್ಬು ದಾಟಿದ ಮೇಲೆ ಒಡಲು ಮತ್ತೆ ಮತ್ತೆ ತೂಗಿದರೆ ರಿಬೌಂಡ್ ಸಾಲದು. ಸಾಲುಸಾಲು ಉಬ್ಬುಗಳ ಮೇಲೆ ಕಾರು ಕ್ರಮೇಣ ಕುಸಿಯುತ್ತ ಒರಟಾದರೆ ರಿಬೌಂಡ್ ಅತಿಯಾಗಿದೆ. ಒಂದು ಉಬ್ಬಿನಿಂದ ಚಕ್ರ ಕೆಳಗಿಳಿಯುವ ಮುನ್ನವೇ ಮುಂದಿನದು ತಟ್ಟುತ್ತಿದೆ. ಒಂಟಿ ಗುಂಡಿಯ ಹೊಡೆತ ಬೆನ್ನಿಗೆ ನೇರವಾಗಿ ಬಡಿದರೆ ಬಂಪ್ ಅತಿಯಾಗಿದೆ. ಬ್ರೇಕ್ ಒತ್ತಿದಾಗ ಮೂತಿ ಬೇಗ ತಗ್ಗಿದರೆ ಮುಂದಿನ ನಿಧಾನ ಬಂಪ್ ಅನ್ನು ಒಂದೆರಡು ಕ್ಲಿಕ್ ಏರಿಸಬಹುದು.

ಎಂಜಿನ್ ಹಿಂದಿರುವ ಎಲೀಸ್‌ನಂಥ ಕಾರಿನಲ್ಲಿ ಹಿಂಬದಿಯ ರಿಬೌಂಡ್ ಬಗ್ಗೆ ವಿಶೇಷ ಎಚ್ಚರ ಬೇಕು. ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟಾಗ ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರಗಳು ಹಗುರವಾಗುತ್ತವೆ. ಆಗ ರಿಬೌಂಡ್ ಅತಿಯಾಗಿದ್ದರೆ ಡ್ಯಾಂಪರ್ ಬೇಗ ಹಿಗ್ಗದೆ ಚಕ್ರಗಳ ಹಿಡಿತ ಮತ್ತಷ್ಟು ತಗ್ಗಿ ಕಾರಿನ ಬಾಲ ಜಾರಬಹುದು. ಮಳೆಯಲ್ಲಿ ಎಲ್ಲ ನಾಬ್‌ಗಳನ್ನೂ ಕೆಲವು ಕ್ಲಿಕ್ ಸಡಿಲಿಸುವುದು ಕ್ಷೇಮ. ತಿರುವಿನ ನಡುವೆ ಆಕ್ಸಿಲರೇಟರ್ ಬಿಡುವಂಥ ಪರೀಕ್ಷೆಗಳು ಟ್ರ್ಯಾಕಿನಲ್ಲಿ ನಡೆಯಬೇಕು, ಸಾರ್ವಜನಿಕ ರಸ್ತೆಯಲ್ಲಲ್ಲ.

ಡ್ಯಾಂಪರಿನ ಎಣ್ಣೆಯೂ ಸೀಲೂ ಕಾಲಕ್ರಮದಲ್ಲಿ ಸವೆಯುತ್ತವೆ. ತಯಾರಕರು ಹೇಳಿದ ಅವಧಿಗೆ ಬಿಚ್ಚಿಸಿ, ಮರುಜೋಡಿಸಿ, ಹೊಸ ನಕ್ಷೆ ತೆಗೆಸಿ ಹಳೆಯದರೊಂದಿಗೆ ಹೋಲಿಸಿದರೆ ಡ್ಯಾಂಪರಿನ ಆರೋಗ್ಯ ಕಣ್ಣಿಗೆ ಕಾಣುತ್ತದೆ.

ಒಟ್ಟಿನಲ್ಲಿ, ರಸ್ತೆಗೆ ಮಾತ್ರವಾದರೆ ಮೂಲ ಅಳತೆಯ ಹೊಸ ಡ್ಯಾಂಪರ್. ರಸ್ತೆಯ ಜೊತೆ ಆಗೀಗ ಟ್ರ್ಯಾಕಾದರೆ ಕಾರಿನ ತೂಕಕ್ಕೆ ಹೊಂದಿಸಿದ, ಒಂಟಿ ಕೊಳವೆಯ, ಒಂದು ನಾಬ್‌ನ ಡ್ಯಾಂಪರ್. ನಿಯಮಿತವಾಗಿ ಟ್ರ್ಯಾಕಿಗೆ ಹೋಗುವವರಿಗೆ ಎರಡು ನಾಬ್. ಸ್ಪರ್ಧೆಗೆ ಇಳಿಯುವವರಿಗಷ್ಟೇ ಮೂರು ಮತ್ತು ಮೇಲ್ಪಟ್ಟು. ಎರಡು ಡ್ಯಾಂಪರುಗಳ ನಡುವೆ ಮನಸ್ಸು ಹೊಯ್ದಾಡಿದರೆ ಪರೀಕ್ಷೆಯ ನಕ್ಷೆಯನ್ನು ಕೈಗೆ ಕೊಡುವ, ಮರುಜೋಡಣೆಯ ಹೊಣೆ ಹೊರುವ ತಯಾರಕರದ್ದನ್ನೇ ಕೊಳ್ಳಬೇಕು.